ಸಿಇಟಿ ಕೊಠಡಿಯ ಒತ್ತಡದಲ್ಲಿ ನಿಮ್ಮ ಬಲವನ್ನೇ ನೆಚ್ಚಿಕೊಳ್ಳುವುದು ಹೇಗೆ

ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರ ವಿಷಯಗಳಿಗೆ ತಲಾ 60 ಪ್ರಶ್ನೆಗಳಿರುತ್ತವೆ, ಪ್ರತಿ ಪತ್ರಿಕೆಗೂ 80 ನಿಮಿಷ. ಓದಿ, ಲೆಕ್ಕ ಮಾಡಿ, ಒಎಂಆರ್ ಹಾಳೆಯ ವೃತ್ತವನ್ನು ತುಂಬಲು ಒಂದು ಪ್ರಶ್ನೆಗೆ ದೊರೆಯುವುದು 80 ಸೆಕೆಂಡು. ವರ್ಷವಿಡೀ ಶ್ರದ್ಧೆಯಿಂದ ಓದಿದವರೂ ಮೊದಲ ನಾಲ್ಕೈದು ಪ್ರಶ್ನೆಗಳಲ್ಲೇ ಸಿಕ್ಕಿಕೊಂಡು ಕಂಗಾಲಾಗುವುದುಂಟು. ಆತಂಕ ಏರಿದಂತೆ ಗಮನದ ದೊಡ್ಡ ಪಾಲನ್ನು ಅದೇ ಕಬಳಿಸುವುದರಿಂದ, ಹೊಸದಾಗಿ ಯೋಚಿಸಬೇಕಾದ ಹಲವು ಹೆಜ್ಜೆಗಳ ಲೆಕ್ಕಗಳು ಮೊದಲು ಕೈಕೊಡುತ್ತವೆ. ಚೆನ್ನಾಗಿ ರೂಢಿಯಾದದ್ದು ಕೈಯಲ್ಲಿ ಉಳಿಯುತ್ತದೆ. ಆದ್ದರಿಂದ ನಿಮಗೆ ರೂಢಿಯಾಗಿರುವುದು ಯಾವುದು ಎಂಬುದನ್ನು ಪರೀಕ್ಷೆಗೆ ಸಾಕಷ್ಟು ಮುಂಚೆಯೇ ಗುರುತಿಸಿಕೊಂಡು, ಉತ್ತರಿಸುವ ಕೆಲಸವನ್ನು ಅದರಿಂದಲೇ ಆರಂಭಿಸಬೇಕು.

ಗುರುತಿಸುವ ಕೆಲಸದಲ್ಲಿ ಊಹೆಯನ್ನು ನಂಬಬೇಡಿ. "ನನಗೆ ಗಣಿತ ಚೆನ್ನಾಗಿ ಬರುತ್ತದೆ" ಎಂಬ ಮಾತು ಪರೀಕ್ಷಾ ಕೊಠಡಿಯಲ್ಲಿ ಉಪಯೋಗಕ್ಕೆ ಬಾರದಷ್ಟು ದೊಡ್ಡದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು, ಒಎಂಆರ್ ಮಾದರಿಯ ಹಾಳೆಯಲ್ಲೇ ಬಿಡಿಸಿ, ಪ್ರತಿ ಪ್ರಶ್ನೆಯ ಮುಂದೆ ಮೂರು ಸಂಗತಿಗಳನ್ನು ಬರೆದಿಡಿ: ಅದು ಯಾವ ಅಧ್ಯಾಯದ್ದು, ಯಾವ ವಿಧಾನದಿಂದ ಉತ್ತರ ಸಿಕ್ಕಿತು, ಉತ್ತರ ಗುರುತಿಸುವಾಗ ನಿಮಗೆ ಎಷ್ಟು ಭರವಸೆಯಿತ್ತು. ಮೂರನೆಯದನ್ನು ಹೆಚ್ಚಿನವರು ಬರೆಯುವುದಿಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಅದೇ ಎಲ್ಲಕ್ಕಿಂತ ಮುಖ್ಯ. ಪೂರ್ಣ ಭರವಸೆಯಿಂದ ಗುರುತಿಸಿ ಸರಿಯಾದವುಗಳು ನಿಮ್ಮ ನಿಜವಾದ ಬಲ. ಅಷ್ಟೇ ಭರವಸೆಯಿಂದ ಗುರುತಿಸಿ ತಪ್ಪಾದವುಗಳು ಬಲದ ವೇಷದಲ್ಲಿರುವ ಅಪಾಯ. ಸಂಭವನೀಯತೆಯ ಲೆಕ್ಕಗಳು ಸುಲಭವೆಂದು ಭಾವಿಸಿ ಪ್ರತಿಬಾರಿಯೂ ಒಂದು ಷರತ್ತನ್ನು ಗಮನಿಸದೆ ಬಿಡುವ ವಿದ್ಯಾರ್ಥಿಗೆ, ಹಾಗೆ ಬರೆದಿಟ್ಟ ಪಟ್ಟಿಯ ಹೊರತು ಬೇರೆ ಯಾರೂ ಅದನ್ನು ತೋರಿಸಿಕೊಡಲಾರರು. ಕೆಲವು ಪತ್ರಿಕೆಗಳಾದ ಮೇಲೆ "ಸದಿಶ, ಮೂರು ಆಯಾಮದ ರೇಖಾಗಣಿತ ಮತ್ತು ನಿರ್ಧಾರಕಗಳು ನನ್ನ ಕೈಹಿಡಿಯುತ್ತವೆ" ಎನ್ನುವಷ್ಟು ಖಚಿತವಾದ ಚಿತ್ರ ಮೂಡುತ್ತದೆ.

ಬಲವೆಂಬುದು ಅಧ್ಯಾಯಗಳಲ್ಲಿ ಮಾತ್ರ ಇರುವುದಿಲ್ಲ, ಕೆಲಸ ಮಾಡುವ ರೀತಿಯಲ್ಲೂ ಇರುತ್ತದೆ. ಅವಕಲನ (ಡಿಫರೆನ್ಷಿಯೇಷನ್) ಚೆನ್ನಾಗಿ ಬರುತ್ತಿದ್ದು ಅದರ ವಿರುದ್ಧ ಕ್ರಿಯೆಯಾದ ಅನುಕಲನ (ಇಂಟಿಗ್ರೇಷನ್) ಕಷ್ಟವೆನಿಸುವವರು, ಅನಿಶ್ಚಿತ ಅನುಕಲನದ ಪ್ರಶ್ನೆ ಬಂದಾಗ ಕೊಟ್ಟಿರುವ ಆಯ್ಕೆಗಳನ್ನೇ ಅವಕಲಿಸಿ ಪ್ರಶ್ನೆಯಲ್ಲಿರುವ ಫಲನ ಯಾವುದರಿಂದ ದೊರೆಯುತ್ತದೆಂದು ನೋಡಬಹುದು. ಸೂತ್ರ ಮರೆತರೂ ಏಕಮಾನ, ಆಯಾಮಗಳ ಮೇಲೆ ಹಿಡಿತವಿರುವವರು ಭೌತಶಾಸ್ತ್ರದಲ್ಲಿ ಹೊಂದದ ಆಯ್ಕೆಗಳನ್ನು ಬೇಗನೆ ತಳ್ಳಿಹಾಕಬಹುದು. ಸ್ಮರಣಶಕ್ತಿ ಗಟ್ಟಿಯಾಗಿದ್ದರೆ ರಸಾಯನಶಾಸ್ತ್ರದ ನೇರ ಪ್ರಶ್ನೆಗಳನ್ನು ಮೊದಲು ಮುಗಿಸಿ, ಉಳಿದ ಸಮಯವನ್ನು ಲೆಕ್ಕಗಳಿಗೆ ಕೊಡಬಹುದು.

ಈ ಮಾತಿಗೆ ನಮ್ಮವರೇ ಆದ ಅನಿಲ್ ಕುಂಬ್ಳೆಯವರ ಉದಾಹರಣೆ ಸರಿಹೊಂದುತ್ತದೆ, ಬೆಂಗಳೂರಿನ ಆರ್‌.ವಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವರು ಅವರು. ಚೆಂಡನ್ನು ಹೆಚ್ಚು ತಿರುಗಿಸುವುದಿಲ್ಲವೆಂಬ ಟೀಕೆಯನ್ನು ಕೇಳುತ್ತಲೇ ಬಂದರೂ ಅವರು ವೇಗ, ಪುಟಿತ ಮತ್ತು ನಿಖರತೆ ಎಂಬ ತಮ್ಮ ಬಲಗಳನ್ನು ಬಿಟ್ಟುಕೊಡದೆ ಟೆಸ್ಟ್‌ನಲ್ಲಿ 619 ವಿಕೆಟ್ ಪಡೆದರು. 1999ರ ಫೆಬ್ರವರಿಯಲ್ಲಿ ದೆಹಲಿಯ ಟೆಸ್ಟ್‌ನ ಕೊನೆಯ ಇನಿಂಗ್ಸ್‌ನಲ್ಲಿ ಪಾಕಿಸ್ತಾನ ವಿಕೆಟ್ ನಷ್ಟವಿಲ್ಲದೆ 101 ರನ್ ಗಳಿಸಿತ್ತು. ಊಟದ ವಿರಾಮದ ನಂತರ ಕುಂಬ್ಳೆ ಬೌಲಿಂಗ್ ತುದಿಯನ್ನು ಬದಲಿಸಿದರು, ಬೌಲಿಂಗ್ ಶೈಲಿಯನ್ನು ಬದಲಿಸಲಿಲ್ಲ. 74 ರನ್‌ಗಳಿಗೆ ಹತ್ತೂ ವಿಕೆಟ್‌ಗಳು ಅವರದಾದವು.

ಪರೀಕ್ಷೆಯ ದಿನ ಪತ್ರಿಕೆಯನ್ನು ಮೂರು ಸುತ್ತಿನಲ್ಲಿ ಬಿಡಿಸಿ. ಪತ್ರಿಕೆಯ ಆವೃತ್ತಿಯನ್ನು ಸೂಚಿಸುವ ವರ್ಷನ್ ಕೋಡ್ ಬದಲಾದಂತೆ ಪ್ರಶ್ನೆಗಳ ಕ್ರಮವೂ ಬದಲಾಗುವುದರಿಂದ, ಸುಲಭದವು ಮೊದಲಿಗೇ ಇರಬೇಕೆಂಬ ನಿಯಮವಿಲ್ಲ. ಒಂದನೆಯ ಪ್ರಶ್ನೆ ಕಠಿಣವೆನಿಸಿದರೆ ಎದೆಗುಂದಬೇಕಾಗಿಲ್ಲ. ಮೊದಲ ಸುತ್ತಿನ ಸುಮಾರು 35 ನಿಮಿಷಗಳಲ್ಲಿ ನಿಮ್ಮ ಪಟ್ಟಿಯಲ್ಲಿರುವ ಬಗೆಯ ಪ್ರಶ್ನೆಗಳನ್ನಷ್ಟೇ ಮುಟ್ಟಿ, ಪ್ರತಿ ಉತ್ತರವನ್ನೂ ಆಗಲೇ ಒಎಂಆರ್ ಹಾಳೆಗೆ ಸೇರಿಸಿ, ಪ್ರಶ್ನೆಯನ್ನು ಬಿಟ್ಟು ಮುಂದೆ ಹೋದಾಗಲೆಲ್ಲ ಕ್ರಮಸಂಖ್ಯೆಯನ್ನು ಇನ್ನೊಮ್ಮೆ ನೋಡಿಕೊಳ್ಳಿ. ಎರಡನೆಯ ಸುತ್ತು ದಾರಿ ಗೊತ್ತಿದ್ದೂ ಸಮಯ ಬೇಡುವವುಗಳಿಗೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಕೊನೆಯ ಸುತ್ತಿನಲ್ಲಿ ಯಾವುದನ್ನೂ ಖಾಲಿ ಬಿಡಬೇಡಿ. ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆಗಳಿರುವುದರಿಂದ, ಏನೂ ತಿಳಿಯದ 12 ಪ್ರಶ್ನೆಗಳಿಗೆ ಸುಮ್ಮನೆ ಗುರುತು ಹಾಕಿದರೆ ಸರಾಸರಿ 3 ಸರಿಯಾಗಬಹುದು. ಪ್ರತಿಯೊಂದರಲ್ಲೂ ಎರಡು ತಪ್ಪು ಆಯ್ಕೆಗಳನ್ನು ತಳ್ಳಿಹಾಕುವಷ್ಟು ತಿಳಿವಳಿಕೆ ಇದ್ದರೆ ಅದು 6 ಆಗುತ್ತದೆ.

ನಡುವೆ ಕೈ ನಡುಗಿದರೆ ಪೆನ್ನು ಕೆಳಗಿಟ್ಟು, ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ನಾಲ್ಕೈದು ಬಾರಿ ಹೊರಬಿಡಿ, ಎದೆಬಡಿತ ಇಳಿಯುತ್ತದೆ. ಆಮೇಲೆ ನಿಂತಲ್ಲಿಂದ ಮುಂದುವರಿಯದೆ, ನಿಮಗೆ ಖಂಡಿತ ಬರುವ ಒಂದು ಪ್ರಶ್ನೆಯನ್ನು ಹುಡುಕಿ ಬಿಡಿಸಿ.

ಎರಡು ಪತ್ರಿಕೆಗಳ ನಡುವಿನ ಬಿಡುವಿನಲ್ಲಿ ಗೆಳೆಯರೊಡನೆ ಉತ್ತರ ಹೋಲಿಸಬೇಡಿ, ತಂದೆತಾಯಂದಿರೂ ದಯವಿಟ್ಟು "ಎಷ್ಟು ಬರಬಹುದು?" ಎಂದು ಕೇಳಬೇಡಿ. ಪ್ರಾಧಿಕಾರವೇ ಮುಂದೆ ಸರಿಯುತ್ತರಗಳನ್ನು ಪ್ರಕಟಿಸಿ ಆಕ್ಷೇಪಣೆಗಳನ್ನೂ ಆಹ್ವಾನಿಸುತ್ತದೆ, ಆ ಲೆಕ್ಕಕ್ಕೆ ಆಗ ಸಮಯವಿರುತ್ತದೆ. ಹಗುರವಾಗಿ ಊಟ ಮಾಡಿ, ಮಧ್ಯಾಹ್ನದ ವಿಷಯದ ನಿಮ್ಮ ಬಲದ ಪಟ್ಟಿಯನ್ನು ಒಮ್ಮೆ ಓದಿಕೊಂಡು ಒಳಗೆ ಹೋಗಿ.