ಎಪಿಡ್ಯೂರಲ್‌ಗೆ ಬುಪಿವಕೇನೋ, ರೋಪಿವಕೇನೋ? ಸೊಂಟದ ಮುರಿತದಲ್ಲಿ ನಾನು ಆರಿಸುವ ಬಗೆ

ಹುಬ್ಬಳ್ಳಿಯಲ್ಲಿ ನಾನು ಎಪಿಡ್ಯೂರಲ್ (ಬೆನ್ನುಹುರಿಯ ಹೊದಿಕೆಯ ಹೊರಗೆ ಮರಗಟ್ಟಿಸುವ ಔಷಧಿ) ಕೊಡುವುದು ಹೆಚ್ಚಾಗಿ ಸೊಂಟ, ತೊಡೆಮೂಳೆ ಮುರಿದುಕೊಂಡ ಹಿರಿಯರಿಗೆ. ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯ ಇಂಥವರ ತೂಕ ಬಹಳ ಸಲ 50 ಕೆ.ಜಿ. ಆಸುಪಾಸು ಇರುತ್ತದೆ. ಅದಕ್ಕೇ ಮೊದಲು ಮಿ.ಗ್ರಾಂ ಲೆಕ್ಕ, ಆಮೇಲೆ ಮಿ.ಲೀ.

ಬುಪಿವಕೇನ್, ರೋಪಿವಕೇನ್ ಎರಡೂ ಹೀಗೆ ಮರಗಟ್ಟಿಸುವ ಔಷಧಿಗಳೇ. ಬುಪಿವಕೇನ್ 0.5% ಅಂದರೆ ಮಿ.ಲೀ.ಗೆ 5 ಮಿ.ಗ್ರಾಂ. ಕೆ.ಜಿ.ಗೆ 2 ಮಿ.ಗ್ರಾಂ ಮಿತಿ ಹಿಡಿದರೆ 50 ಕೆ.ಜಿ.ಗೆ 100 ಮಿ.ಗ್ರಾಂ, ಅಂದರೆ 20 ಮಿ.ಲೀ. ರೋಪಿವಕೇನ್ ಮಿತಿ ಕೆ.ಜಿ.ಗೆ 3 ಮಿ.ಗ್ರಾಂ. ಆದರೆ ಆಪರೇಷನ್‌ಗೆ ಬೇಕಾದಷ್ಟು ಮರಗಟ್ಟಲು ಅದು 0.75% ಬೇಕು. ಲೆಕ್ಕ ಹಾಕಿ, ಅಲ್ಲಿಯೂ 20 ಮಿ.ಲೀ.ಗೇ ಮಿತಿ ಮುಗಿಯುತ್ತದೆ. ‘ರೋಪಿ ಸೇಫ್’ ಎಂದು ಕೈ ಸಡಿಲ ಬಿಡಬಾರದು ಅನ್ನುವುದು ಇದಕ್ಕೆ. ರಕ್ತನಾಳಕ್ಕೆ ಹೋದರೆ ಬುಪಿವಕೇನ್ ಹೃದಯದ ಸೋಡಿಯಂ ಚಾನೆಲ್ಲಿಗೆ ಅಂಟಿಕೊಂಡು ಬೇಗ ಬಿಡುವುದಿಲ್ಲ. ರೋಪಿವಕೇನ್, ಲೆವೊಬುಪಿವಕೇನ್ ಆ ವಿಷಯದಲ್ಲಿ ಮೇಲು. ಲಿಗ್ನೋಕೇನ್ 2% ಬೇಗ ಹಿಡಿಯುತ್ತದೆ, ಬೇಗ ಇಳಿಯುತ್ತದೆ. ಅದನ್ನು ನಾನು ಔಷಧಿ ಎಲ್ಲಿಗೆ ಹೋಗುತ್ತಿದೆ ಎಂದು ನೋಡುವ ಟೆಸ್ಟ್ ಡೋಸ್‌ಗೆ ಇಟ್ಟುಕೊಳ್ಳುತ್ತೇನೆ.

18 ಗೇಜ್ ಟೂಹಿ ಸೂಜಿ, ಎಲ್3-4 ಸಂದು (ಸೊಂಟದ ಮೂರನೇ, ನಾಲ್ಕನೇ ಬೆನ್ನುಮೂಳೆಗಳ ನಡುವೆ), ಸಲೈನ್ ಸಿರಿಂಜ್‌ನಿಂದ ತಡೆ ಕಳೆದದ್ದನ್ನು (ಸೂಜಿ ಎಪಿಡ್ಯೂರಲ್ ಜಾಗ ಮುಟ್ಟಿದ ಗುರುತು) ನೋಡುವುದು, ಕ್ಯಾಥೆಟರ್ ಎಂಬ ತೆಳು ನಳಿಗೆ ಒಳಗೆ 4-5 ಸೆಂ.ಮೀ. ಸಿರಿಂಜ್ ಎಳೆದು ನೋಡಿ ರಕ್ತ, ಬೆನ್ನುಹುರಿಯ ಸುತ್ತಲಿನ ನೀರು ಬರಲಿಲ್ಲವೆಂದರೆ 1:200000 ಅಡ್ರಿನಾಲಿನ್ ಇರುವ ಲಿಗ್ನೋಕೇನ್ 2% 3 ಮಿ.ಲೀ. ಒಂದು ನಿಮಿಷದೊಳಗೆ ನಾಡಿ 20ರಷ್ಟು ಏರಿದರೆ ಕ್ಯಾಥೆಟರ್ ರಕ್ತನಾಳದಲ್ಲಿದೆ. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರಲ್ಲಿ ನಾಡಿ ಏರದೆಯೂ ಇರಬಹುದು. ಐದು ನಿಮಿಷದೊಳಗೆ ಕಾಲು ಭಾರವಾದರೆ ಔಷಧಿ ಸ್ಪೈನಲ್ ಆಗಿದೆ, ಅಂದರೆ ಹೊದಿಕೆಯೊಳಗಿನ ನೀರಿಗೇ ಹೋಗಿದೆ. ಟೆಸ್ಟ್ ಡೋಸಿನ ಈ 60 ಮಿ.ಗ್ರಾಂ ಲಿಗ್ನೋಕೇನ್ ಕೂಡ ಒಟ್ಟು ಲೆಕ್ಕಕ್ಕೆ ಸೇರುತ್ತದೆ. ಎರಡು ಔಷಧಿಗಳ ವಿಷ ಕೂಡಿಕೊಳ್ಳುತ್ತದೆ.

ಮುಖ್ಯ ಡೋಸನ್ನು 3-5 ಮಿ.ಲೀ. ಹಾಗೆ, ಪ್ರತಿ ಸಲ ಎಳೆದು ನೋಡಿ, ನಡುವೆ ಮೂರು ನಿಮಿಷ ಬಿಟ್ಟು ಕೊಡುತ್ತೇನೆ. ಹಿರಿಯರಿಗೆ 12 ಮಿ.ಲೀ. ಬಹಳ ಸಲ ಸಾಕು. ಸ್ಪಿರಿಟ್ ಹತ್ತಿ ಹಚ್ಚಿ, "ಅಜ್ಜಾರ, ತಣ್ಣಗ ಹತ್ತತೈತೇನ್ರಿ? ಕಾಲು ಎತ್ರಿ ನೋಡೂಣು" ಅಂದರೆ ಸಾಕು, ಮಟ್ಟವೂ ಕಾಲಿನ ಬಲವೂ ಒಟ್ಟಿಗೆ ತಿಳಿಯುತ್ತವೆ. ಬುಪಿವಕೇನ್, ರೋಪಿವಕೇನ್ ಎರಡಕ್ಕೂ 15-20 ನಿಮಿಷ ಕಾಯಲೇಬೇಕು. ಸರ್ಜನ್ ಅವಸರ ಮಾಡಿದರೂ ಅಷ್ಟೇ. ಒಂದೇ ಕಡೆ ಹಿಡಿದರೆ ಕ್ಯಾಥೆಟರ್ 1 ಸೆಂ.ಮೀ. ಹಿಂದೆಳೆದು ಮತ್ತೆ ಸ್ವಲ್ಪ ಕೊಡಿ, ಆದರೆ ಒಳಗೆ 3 ಸೆಂ.ಮೀ. ಉಳಿಯಲಿ. ಗ್ಲೂಕೋಸ್ ಬೆರೆತ ಬುಪಿವಕೇನಿನ 4 ಮಿ.ಲೀ. ‘ಹೆವಿ’ ಆಂಪ್ಯೂಲ್ ಸ್ಪೈನಲ್‌ಗೆ ಮಾತ್ರ; ಅದನ್ನು ಎಪಿಡ್ಯೂರಲ್ ಟ್ರೇಯಲ್ಲಿ ಇಡಲೇಬಾರದು.

ಔಷಧಿ ರಕ್ತಕ್ಕೇರಿ ವಿಷವಾಗಿ ಮಾತು ತೊದಲಿ, ನಾಲಿಗೆ ಜುಮ್ ಅಂದು, ಕಿವಿ ಗುಂಯ್ ಅಂದರೆ ಔಷಧಿ ನಿಲ್ಲಿಸಿ, ಆಕ್ಸಿಜನ್ ಕೊಟ್ಟು, 20% ಲಿಪಿಡ್ (ನರಕ್ಕೆ ಕೊಡುವ ಕೊಬ್ಬಿನ ದ್ರಾವಣ) ಕೊಡಬೇಕು: ಕೆ.ಜಿ.ಗೆ 1.5 ಮಿ.ಲೀ. ಎರಡು-ಮೂರು ನಿಮಿಷದಲ್ಲಿ, ಆಮೇಲೆ ನಿಮಿಷಕ್ಕೆ ಕೆ.ಜಿ.ಗೆ 0.25 ಮಿ.ಲೀ. ಪ್ರೊಪೊಫಾಲ್ ಅದಕ್ಕೆ ಬದಲಿಯಲ್ಲ. ಲಿಪಿಡ್ ಬಾಟಲಿ ಓಟಿಯೊಳಗೇ ಇಲ್ಲವಾದರೆ ನಾನು ಡೋಸ್ ಶುರು ಮಾಡುವುದಿಲ್ಲ.

ಆಪರೇಷನ್ ಹೊತ್ತಿಗೆ ಬುಪಿವಕೇನ್ ನನಗೆ ಸಾಕು. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಸ್ನಾಯು ಚೆನ್ನಾಗಿ ಸಡಿಲವಾಗುತ್ತವೆ. ರೋಪಿವಕೇನ್‌ಗೆ ಹೆಚ್ಚು ಹಣ ತೆರುವುದು ಸಾರ್ಥಕವಾಗುವುದು ಆಮೇಲೆ, ವಾರ್ಡಿನಲ್ಲಿ. 0.2% ಗಂಟೆಗೆ 5-6 ಮಿ.ಲೀ. ಹರಿಯುತ್ತಿದ್ದರೆ ಬ್ಯಾನಿ ಇರುವುದಿಲ್ಲ, ಕಾಲು ಅಲ್ಲಾಡುತ್ತದೆ. ಅಲ್ಲಾಡಬೇಕಾದ ಕಾಲು ಅಲ್ಲಾಡದಿದ್ದರೆ ತಕ್ಷಣ ಗೊತ್ತಾಗುತ್ತದೆ. ರಕ್ತ ತೆಳುವಾಗುವ ಇಂಜೆಕ್ಷನ್ ಪಡೆಯುವ ಈ ರೋಗಿಗಳಲ್ಲಿ ಎಪಿಡ್ಯೂರಲ್ ಹೆಮಟೋಮಾದ (ರಕ್ತ ಹೆಪ್ಪುಗಟ್ಟಿ ನರಗಳನ್ನು ಒತ್ತುವುದು) ಮೊದಲ ಸುಳಿವು ಬಹಳ ಸಲ ಅದೇ. ಆದ್ದರಿಂದ ನರ್ಸ್‌ಗೆ ನಾನು ಬರೆದಿಡುವುದು ಇಷ್ಟು: ನಾಲ್ಕು ಗಂಟೆಗೊಮ್ಮೆ ಮೊಣಕಾಲು ಮಡಚಿಸಿ ನೋಡಿ, ಆಗದಿದ್ದರೆ ಪಂಪ್ ನಿಲ್ಲಿಸಿ ನನಗೆ ಫೋನ್ ಮಾಡಿ, ನಾಲ್ಕು ಗಂಟೆಯೊಳಗೆ ಬಲ ಮರಳದಿದ್ದರೆ, ಅಥವಾ ಜತೆಗೆ ಬೆನ್ನುನೋವು ಶುರುವಾದರೆ ಕಾಯದೆ, ರಾತ್ರಿಯಾದರೂ ಎಂಆರ್‌ಐ.