ದುಡ್ಡು ಸುರಿಯದೆ ಊರಿನ ಕಸುಬುದಾರರ ಪಟ್ಟಿ ಆನ್‌ಲೈನ್ ಮಾಡುವುದು ಹೇಗೆ

ಬಾಗಲಕೋಟೆಯ ನವನಗರದಲ್ಲಿ ನನ್ನದು ಝೆರಾಕ್ಸ್ ಅಂಗಡಿ. ದಿನಾ ನಾಲ್ಕಾರು ಜನ ಬಂದು, "ಅಣ್ಣಾರ, ಮೋಟಾರ್ ಕಾಯಿಲ್ ಕಟ್ಟೋರು ಎಲ್ಲಿ ಅದಾರ್ರಿ?" ಅಂತ ಕೇಳುತ್ತಾರೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೆ ಊರಿನ ಎಷ್ಟೋ ಓಣಿ ಹೋದವು. ಅಂಗಡಿಗಳು ನವನಗರದ ಸೆಕ್ಟರ್‌ಗಳಲ್ಲಿ ಚದುರಿದವು. ಹಳ್ಳಿಯಿಂದ ಬಂದವರಿಗೆ ಸುಮ್ನೆ ಸೆಕ್ಟರ್ ನಂಬರ್ ಹೇಳಿದರೆ ಏನು ತಿಳಿಯಬೇಕು? ಅದಕ್ಕೇ ಈ ಪಟ್ಟಿ ಶುರು ಮಾಡಿದೆ. ವೆಬ್‌ಸೈಟಿಗೆ ಇಲ್ಲಿವರೆಗೆ ಒಂದು ರೂಪಾಯಿ ಕೊಟ್ಟಿಲ್ಲ.

ಇಡೀ ಜಿಲ್ಲೆ ಹಿಡಿಯಬೇಡಿ. ಎರಡು ಸೆಕ್ಟರ್, ಹತ್ತು ಕಸುಬು ಸಾಕು. ಪ್ಲಂಬರ್, ಪಂಪ್‌ಸೆಟ್ ರಿಪೇರಿ, ಹಿಟ್ಟಿನ ಗಿರಣಿ, ರೊಟ್ಟಿ ಮಾಡಿಕೊಡುವವರು, ಹೀಗೆ. ದೊಡ್ಡ ಶೋರೂಮು ಗೂಗಲ್ ಮ್ಯಾಪ್‌ನಲ್ಲಿ ಹೇಗೂ ಸಿಗುತ್ತೆ. ಬೋರ್ಡೇ ಇಲ್ಲದವರನ್ನು ಹುಡುಕುವುದೇ ಕಷ್ಟ, ಅಲ್ವಾ?

ಗೂಗಲ್ ಶೀಟ್‌ನಲ್ಲಿ ಹೆಸರು, ಕಸುಬು, ಸೆಕ್ಟರ್, ಗುರುತು, ಫೋನ್, ರಜೆ ದಿನ ಬರೆಯಿರಿ. ಕಡೆಗೆ, ನಂಬರಿಗೆ ಫೋನ್ ಹಚ್ಚಿ ನೋಡಿದ ತಾರೀಖು. ನಾನು "ಮೊದಲು ಎಲ್ಲಿದ್ದರು" ಅಂತ ಇನ್ನೊಂದು ಕಾಲಂ ಸೇರಿಸಿದೆ. ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ. ಹಿರಿಯರು ಈಗಲೂ ಹಳೆ ಊರಿನ ಓಣಿ ಹಿಡಿದೇ ಅಂಗಡಿ ನೆನಪಿಟ್ಟುಕೊಂಡಿದ್ದಾರೆ. ಜನ ಆಡುವ ಹೆಸರನ್ನೂ ಬರೆಯಿರಿ. ಬರೀ "ರಿವೈಂಡಿಂಗ್" ಅಂತಿದ್ದರೆ "ಕಾಯಿಲ್" ಅಂತ ಹುಡುಕುವವರಿಗೆ ಸಿಗಲ್ಲ.

ಫೋನ್ ಕಾಲಂ ತುಂಬುವ ಮೊದಲೇ ಅದನ್ನು "ಪ್ಲೇನ್ ಟೆಕ್ಸ್ಟ್" ಮಾಡಿ, ಆಗ ಶೀಟ್ ಅದನ್ನು ಲೆಕ್ಕದ ಸಂಖ್ಯೆ ಅಂದುಕೊಳ್ಳದೆ ಬರೆದ ಹಾಗೇ ಇಡುತ್ತೆ. ನಾನು ಮಾಡಿರಲಿಲ್ಲ. ಲ್ಯಾಂಡ್‌ಲೈನ್ ನಂಬರಿನ 08354 ಸೊನ್ನೆ ಕಳೆದುಕೊಂಡು 8354 ಆಗಿ ಕೂತಿತ್ತು.

ವಾಟ್ಸಾಪ್‌ನಲ್ಲಿ ಫಾರ್ಮ್ ಕಳಿಸಿ ಕಾಯುತ್ತಾ ಕೂರಬೇಡಿ, ಯಾರೂ ತುಂಬಲ್ಲ. ಮಧ್ಯಾಹ್ನ ಗಿರಾಕಿ ಕಡಿಮೆ ಇರುವಾಗ ನಡೆದು ಹೋಗಿ. ನಂಬರ್ ಬರೆದುಕೊಂಡ ಕೂಡಲೇ ಅಲ್ಲೇ ನಿಂತು ರಿಂಗ್ ಕೊಡಿ. ಅವರ ಕಿಸೆಯಲ್ಲಿ ಫೋನ್ ರಿಂಗಾದರೆ ಮಾತ್ರ ನಂಬರ್ ಸರಿ.

ಕೇಳದೇ ಯಾರ ನಂಬರನ್ನೂ ಹಾಕಬೇಡಿ. ರೊಟ್ಟಿ ಮಾಡುವ ಅಕ್ಕ ಒಬ್ಬರದ್ದನ್ನು, ಪರಿಚಯದವರೇ ಅಲ್ಲವಾ ಅಂತ ನಾನೇ ಹಾಕಿಬಿಟ್ಟಿದ್ದೆ. ರಾತ್ರಿ ಹತ್ತರ ಮೇಲೂ ಫೋನ್ ಬರತೊಡಗಿದವು. "ತಮ್ಮಾ, ಮನ್ಯಾಗ ಬೈಸ್ಕೊಳ್ಳಾಕತ್ತೀನಿ, ನಂಬರ್ ತಗೀಪಾ" ಅಂದರು. ಆಗಲೇ ತೆಗೆದೆ. ಅವರ ದನಿ ಕೇಳಿ ತುಂಬಾ ನೊಂದುಕೊಂಡೆ. ಈಗ ನಂಬರ್ ಹಾಕಲಾ, ಯಾವ ಹೊತ್ತಿಗೆ ಫೋನ್ ಮಾಡಬಹುದು, ಮನೆ ಗುರುತು ಬರೆಯಲಾ ಬೇಡವಾ, ಮೂರನ್ನೂ ಕೇಳುತ್ತೇನೆ. ಒಪ್ಪಿದ್ದನ್ನು ವಾಟ್ಸಾಪ್‌ನಲ್ಲಿ ಒಂದು ಸಾಲು ಕಳಿಸಲು ಹೇಳುತ್ತೇನೆ.

ವೆಬ್‌ಸೈಟಿಗೆ ಗೂಗಲ್ ಸೈಟ್ಸ್ (ಪುಕ್ಕಟೆ ವೆಬ್‌ಸೈಟ್ ಮಾಡಲು ಗೂಗಲ್ ಕೊಡುವ ಸೌಲಭ್ಯ) ಸಾಕು. ಕಸುಬಿಗೊಂದು ಪುಟ ಮಾಡಿ, ವಿವರ ಅಲ್ಲೇ ಟೈಪ್ ಮಾಡಿ. ಶೀಟನ್ನೇ ಅಂಟಿಸಿದರೆ ಸಣ್ಣ ಫೋನಿನಲ್ಲಿ ಓದಲು ಆಗಲ್ಲ, ಒಳಗಿನ ಟಿಪ್ಪಣಿಯೂ ಹೊರಗೆ ಕಾಣಬಹುದು. ಹಳೆ ನುಡಿ ಫಾಂಟಿನಲ್ಲಿ (ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆ ಅಕ್ಷರ) ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ, ಅಂದರೆ ಎಲ್ಲಾ ಫೋನ್, ಕಂಪ್ಯೂಟರ್ ಓದುವ ಅಕ್ಷರಕ್ಕೆ ಬದಲಿಸಿ, ಇಲ್ಲದಿದ್ದರೆ ಹುಡುಕಿದರೂ ಸಿಗಲ್ಲ. ನನ್ನ ಖರ್ಚು ಅಂದರೆ, ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಪಟ್ಟಿ ತೆರೆಯುವ ಕ್ಯೂಆರ್ ಚೀಟಿಯ ಕಾಗದ ಮಾತ್ರ. ಅವನ್ನು ಚಹಾ ಅಂಗಡಿ, ಕಟಿಂಗ್ ಅಂಗಡಿಗಳಲ್ಲಿ ಅಂಟಿಸಿದೆ. ಜಾಹೀರಾತಿನ ದುಡ್ಡು ಈಗಲೇ ಕೇಳಬೇಡಿ. ಪಟ್ಟಿ ನೋಡಿ ಗಿರಾಕಿ ಬಂದರು ಅಂತ ಅಂಗಡಿಯವರೇ ಹೇಳಲಿ, ಆಮೇಲೆ ನೋಡೋಣ.

ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಫೋನ್ ಹಚ್ಚಿ. ಬೇರೆ ಬೇರೆ ದಿನ ಮೂರು ಸಲ ಮಾಡಿದರೂ ಎತ್ತದಿದ್ದರೆ, ಅಂಗಡಿ ತನಕ ಹೋಗಿ ನೋಡಿ ಬನ್ನಿ. ಬಾಗಿಲು ಹಾಕಿದ್ದರೆ ಪಕ್ಕದವರನ್ನು ಕೇಳಿ, ಆಮೇಲೆ ಹೆಸರು ತೆಗೆಯಿರಿ.