ಲೇಬಲ್‌ಗೆ ಅರ್ಜಿ ಹಾಕಿದ ಮೇಲೆ ಕೋಳಿ ನೋಡಲು ಕಲಿತೆ

ಕೋಳಿಯನ್ನು ಚೆನ್ನಾಗಿ ಸಾಕಿದ್ದಾರೆ ಅಂತ ಮೊಟ್ಟೆ ಟ್ರೇ ಮೇಲೆ ಹಾಕುವ ಲೇಬಲ್ಲಿನ ಅರ್ಜಿ ಫಾರ್ಮ್ ಬಂದ ದಿನ ಅದನ್ನು ಸುಮ್ನೆ ಪಂಜರದ ತಳದ ಮೇಲಿಟ್ಟು ನೋಡಿದೆ. ಎ4 ಹಾಳೆ, ಸುಮಾರು 624 ಚದರ ಸೆಂ.ಮೀ. ನನ್ನ ಪಂಜರದಲ್ಲಿ ಒಂದು ಕೋಳಿಗೆ ಸಿಗುತ್ತಿದ್ದದ್ದು 550. ನಾನು ತುಂಬಬೇಕಾದ ಕಾಗದಕ್ಕೇ ಕೋಳಿಗಿಂತ ಜಾಸ್ತಿ ಜಾಗ ಬೇಕಿತ್ತು.

ಕೋಳಿ ಮೇಲಿನ ಪ್ರೀತಿಯಿಂದ ಶುರು ಮಾಡಿದೆ ಅಂತ ಸುಳ್ಳು ಹೇಳಲ್ಲ. ನನ್ನ ಮೊಟ್ಟೆ ಕೊಳ್ಳುತ್ತಿದ್ದವರು ಪಂಜರದ ಮೊಟ್ಟೆ ಬೇಡ ಅಂದರು, ಅಷ್ಟೇ. ಈ ಲೇಬಲ್ ಕಾನೂನಲ್ಲ. ಐರೋಪ್ಯ ಒಕ್ಕೂಟದಲ್ಲಿ ಹಳೇ ಥರದ ಬರಿ ಪಂಜರ 2012ರಿಂದ ನಿಷೇಧ, ಅದು ಕಾನೂನು. ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ 1994ರಲ್ಲಿ ಶುರು ಮಾಡಿದ ಗುರುತು, ನೆದರ್ಲೆಂಡ್ಸ್‌ನಲ್ಲಿ ಒಂದರಿಂದ ಮೂರು ನಕ್ಷತ್ರ ಕೊಡುವ ಗುರುತು, ಇವೆಲ್ಲ ಸಾಕುವವನು ತಾನಾಗಿ ಒಪ್ಪಿಕೊಂಡು ಒಳಗೆ ಹೋಗುವಂಥವು. ಆದರೆ ಒಮ್ಮೆ ಸೈನ್ ಹಾಕಿದ ಮೇಲೆ ಇನ್‌ಸ್ಪೆಕ್ಟರಿಗೆ ಶೆಡ್ಡಿನ ಬಾಗಿಲು ತೆಗೆಯಲೇಬೇಕು.

ಅಳತೆಯ ಕೆಲಸ ಸುಲಭ. ಚದರ ಮೀಟರಿಗೆ 9 ಕೋಳಿ, ಒಂದೊಂದಕ್ಕೂ ಕೂರಲು 15 ಸೆಂ.ಮೀ. ಕೋಲು, 7 ಕೋಳಿಗೆ ಒಂದು ಗೂಡು, 10 ಕೋಳಿಗೆ ಕುಕ್ಕಿದರೆ ನೀರು ಬರುವ ಒಂದು ನಿಪ್ಪಲ್, ನೆಲದ ಮೂರನೇ ಒಂದು ಭಾಗಕ್ಕೆ ಹೊಟ್ಟು. ಪಂಜರ ಕಿತ್ತೆ, ಕೋಲು ಕಟ್ಟಿಸಿದೆ, ಟೇಪ್ ಹಿಡಿದು ಎರಡೆರಡು ಸಲ ಅಳೆದೆ. ಎಲ್ಲ ಸರಿಯಿತ್ತು. ಪಾಸ್ ಆದೆ ಅಂತಲೇ ಅಂದುಕೊಂಡಿದ್ದೆ.

ಇನ್‌ಸ್ಪೆಕ್ಟರ್ ಸಂಜೆ ಬಂದರು. ಟೇಪ್ ತೆಗೆಯಲೇ ಇಲ್ಲ. ಲೈಟ್ ಆರಿಸಿ, ಒಂದು ಬಕೆಟ್ ಬೋರಲು ಹಾಕಿಕೊಂಡು ಕತ್ತಲಲ್ಲಿ ಕೂತರು. ಅರ್ಧ ಗಂಟೆ ಬಿಟ್ಟು ಟಾರ್ಚ್ ಹಾಕಿದರೆ ಕೋಲುಗಳು ಮುಕ್ಕಾಲು ಪಾಲು ಖಾಲಿ, ಕೋಳಿಗಳೆಲ್ಲ ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ನೆಲದಲ್ಲೇ. "ಇವನ್ನ ಎಲ್ಲಿ ಬೆಳೆಸಿದ್ದು?" ಅಂತ ಕೇಳಿದರು. ಪಂಜರದಲ್ಲಿ ಬೆಳೆದ ಮರಿಗಳನ್ನು ತಂದಿದ್ದೆ. ಹುಟ್ಟಿದ ಮೇಲೆ ಹತ್ತಿಯೇ ಇಲ್ಲದ ಕೋಳಿಗೆ ಕೋಲು ಏನಂತ ಗೊತ್ತಾಗಬೇಕು ಹೇಳಿ!

ಆಮೇಲೆ ಎರಡು ವಾರ ದಿನಾ ಸಂಜೆ ಕೋಳಿಗಳನ್ನು ಎತ್ತಿ ಎತ್ತಿ ಕೋಲಿನ ಮೇಲೆ ಕೂರಿಸಿದ್ದೇ ಕೆಲಸ. ಕೂರಿಸಿದರೆ ಇಳಿಯುತ್ತವೆ, ಮತ್ತೆ ಕೂರಿಸಬೇಕು, ಸೊಂಟ ಬಿದ್ದು ಹೋಯಿತು. ಮೊಟ್ಟೆಯೂ ಗೂಡು ಬಿಟ್ಟು ನೆಲದಲ್ಲೇ ಇಡುತ್ತಿದ್ದವು. ಕತ್ತಲೆ ಮೂಲೆಗಳಿಗೆ ಬಲ್ಬ್ ಹಾಕಿದೆ, ಬೆಳಿಗ್ಗೆ ಗಂಟೆಗೊಂದು ಸಲ ಓಡಾಡಿ ನೆಲದ ಮೊಟ್ಟೆ ಎತ್ತಿದೆ. ಒಂದು ಮೊಟ್ಟೆ ಅಲ್ಲೇ ಬಿಟ್ಟರೆ ಸಾಕು, ಪಕ್ಕದಲ್ಲಿ ಇನ್ನೊಂದು ಕೋಳಿ ಬಂದು ಕೂರುತ್ತದೆ.

ನಿಜವಾದ ಪೆಟ್ಟು ಬಿದ್ದದ್ದು ಐದಾರು ತಿಂಗಳ ಮೇಲೆ. ಬೆನ್ನಿನ ಪುಕ್ಕ ಕಿತ್ತು ಹೋದ ಕೋಳಿಗಳು ಕಾಣಿಸಿದವು. ಮೊದಲು ಒಂದೆರಡು. ಪುಕ್ಕ ಉದುರುವ ಕಾಲ ಇರಬೇಕು ಅಂದುಕೊಂಡೆ. ವಾರದಲ್ಲಿ ಒಂದರ ಬಾಲದ ಬುಡದಲ್ಲಿ ರಕ್ತ. ರಕ್ತ ಕಂಡರೆ ಮುಗೀತು, ಎಲ್ಲವೂ ಅಲ್ಲಿಗೇ ಕುಕ್ಕುತ್ತವೆ. ಕಾರಣ ಹುಡುಕಲು ಮೂರು ದಿನ ಬೇಕಾಯಿತು. ನಿಪ್ಪಲ್ ಪೈಪ್ ಒಂದು ಕಡೆ ಸೋರಿ, ಕೆಳಗಿನ ಹೊಟ್ಟು ಒದ್ದೆಯಾಗಿ, ಅದು ಒಣಗಿ ರೊಟ್ಟಿಯ ಹಾಗೆ ಗಟ್ಟಿಯಾಗಿತ್ತು. ಕೋಳಿಗೆ ದಿನವಿಡೀ ಕೆದಕುತ್ತಾ ಕುಕ್ಕುತ್ತಾ ಇರಬೇಕು, ಮೈಗೆ ಧೂಳು ಹಾರಿಸಿಕೊಳ್ಳಬೇಕು. ನೆಲ ಕೆದಕಲು ಬಾರದಿದ್ದರೆ ಪಕ್ಕದ ಕೋಳಿಯ ಪುಕ್ಕವನ್ನೇ ಕುಕ್ಕುತ್ತದೆ.

ಅಮೋನಿಯಾ ವಾಸನೆಯೂ ಇತ್ತಂತೆ. ನನಗೆ ಬಡಿಯಲೇ ಇಲ್ಲ, ದಿನಾ ಅಲ್ಲೇ ಇರುವ ಮೂಗು ಸತ್ತು ಹೋಗಿರುತ್ತದೆ. ಮನೆಗೆ ಬಂದಿದ್ದ ಚಿಕ್ಕಪ್ಪ ಒಳಗೆ ಕಾಲಿಟ್ಟು ಕಣ್ಣು ಒರೆಸಿಕೊಂಡಾಗ ಗೊತ್ತಾಯಿತು. ಈಗ ಬೆಳಿಗ್ಗೆ ಮೊದಲು ಬಾಗಿಲು ತೆಗೆದ ಕೂಡಲೇ, ಕೋಳಿಯ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ಉಸಿರು ಎಳೆಯುತ್ತೇನೆ. ನಿಂತರೆ ವಾಸನೆ ಅಷ್ಟು ತಿಳಿಯಲ್ಲ.

ಹೊಟ್ಟು ಬದಲಾಯಿಸಿದೆ, ಗಾಯದ ಕೋಳಿಗಳನ್ನು ಬೇರೆ ಹಾಕಿದೆ, ಬೆಳಕು ತಗ್ಗಿಸಿದೆ, ಒಣಹುಲ್ಲಿನ ಕಟ್ಟು ನೇತು ಹಾಕಿದೆ. ನಿಂತಿತು, ಆದರೆ ಆ ಬ್ಯಾಚಿನ ಬೆನ್ನು ಪೂರ್ತಿ ತುಂಬಲೇ ಇಲ್ಲ. ಅಂದಿನಿಂದ ತಿಂಗಳಿಗೊಮ್ಮೆ 50 ಕೋಳಿ ಹಿಡಿದು ಕುತ್ತಿಗೆ, ಬೆನ್ನು, ಬಾಲದ ಬುಡ ನೋಡಿ 0, 1, 2 ಅಂತ ಅಂಕ ಬರೆಯುತ್ತೇನೆ, ಪುಕ್ಕ ಹೋದಷ್ಟೂ ಅಂಕ ಜಾಸ್ತಿ. ಎದೆಮೂಳೆಯ ಮೇಲೆ ಬೆರಳು ಆಡಿಸುತ್ತೇನೆ. ನೆಟ್ಟಗಿರಬೇಕಾದ ಮೂಳೆ ಕೆಲವಕ್ಕೆ ಸೊಟ್ಟಗೆ, ನಡುವೆ ಗಂಟು. ಎತ್ತರದ ಕೋಲಿನಿಂದ ಹಾರಿ ಬಿದ್ದು ಮುರಿದು ಕೂಡಿಕೊಂಡದ್ದು. ಪಂಜರ ತೆಗೆದು ನಾನೇ ತಂದ ತೊಂದರೆ ಇದು! ಏರಿ ಇಳಿಯಲು ಇಳಿಜಾರು ಹಲಗೆ ಹಾಕಿದ ಮೇಲೆ ಸೊಟ್ಟ ಮೂಳೆ ಕಡಿಮೆಯಾಗಿದೆ.

ಲೇಬಲ್ ಬಗ್ಗೆ ನನಗೆ ತಕರಾರೂ ಇದೆ. ಪುಕ್ಕ ಕಿತ್ತ ವರ್ಷವೂ ನನ್ನ ಟ್ರೇ ಮೇಲೆ ಅದೇ ಗುರುತು ಇತ್ತು, ಚೆನ್ನಾಗಿದ್ದ ವರ್ಷವೂ ಅದೇ. ಮೊಟ್ಟೆ ಇಡಲ್ಲ ಅಂತ ಹುಟ್ಟಿದ ದಿನವೇ ಕೊಲ್ಲುವ ಗಂಡು ಮರಿಗಳ ಬಗ್ಗೆ ಎಷ್ಟೋ ಲೇಬಲ್‌ಗಳು ಮಾತೇ ಎತ್ತಲ್ಲ. ಮೊದಲೇ ತಿಳಿಸಿ ಇನ್‌ಸ್ಪೆಕ್ಟರ್ ಬರುವ ದಿನ ಯಾರ ಶೆಡ್ ತಾನೇ ಕ್ಲೀನ್ ಇರಲ್ಲ, ನಾನೂ ಹಿಂದಿನ ದಿನ ಹೊಸ ಹೊಟ್ಟು ಹರಡಿದವನೇ.

ಈಗಿನ ಬ್ಯಾಚ್ ಕೋಲಿರುವ ಶೆಡ್ಡಿನಲ್ಲೇ ಬೆಳೆದದ್ದು, ಹುಡುಕಿ ತಂದೆ. ಮೊದಲ ರಾತ್ರಿ ಲೈಟ್ ಆರಿಸಿ ಅದೇ ಬಕೆಟ್ ಮೇಲೆ ಕೂತೆ. ಟಾರ್ಚ್ ಹಾಕಿದರೆ ನೆಲದಲ್ಲಿ 11 ಕೋಳಿ. ಎತ್ತಿ ಕೂರಿಸಿ, ರಿಜಿಸ್ಟರಿನಲ್ಲಿ 11 ಅಂತ ಬರೆದು ಮಲಗಿದೆ.